ಪಿಕರಿಂಗ್ ಸಾಹೇಬನ ಪಾಳು ಮನೆಗೆ ಸುಣ್ಣ

೨೦೦೭ನೇ ಇಸವಿ ಏಪ್ರಿಲ್ ಹದಿನಾಲ್ಕು, ಶನಿವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ, ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಹಿಂದಿನ ಬಾಡಿಗೆ ಫ್ಲ್ಯಾಟಿನ ಬಾಗಿಲಲ್ಲಿ, ಒಂದೇ ಕಾಲಿಗೆ ಬೂಟು ಹಾಕಿಕೊಂಡು ನಿಂತು ಗೌರೀಶ ಫೋನಿನಲ್ಲಿ ಒಂದು ಮಾತು ಹೇಳಿದ.

"ರುದ್ರಪ್ಪ ಅಂಕಲ್, ನಾಕ್ ಗಂಟೇಕ್ಕ ಇನ್‌ಸ್ಪೆಕ್ಷನ್ ಐತ್ರಿ. ಎಲ್ಲಾರೂ ಕೂಡಿ ಅಲ್ಲೆ ಸ್ವಲ್ಪ ಸ್ವಚ್ಛ ಮಾಡಿ ಇಡ್ರಿ."

ಇದರಲ್ಲಿ ತಪ್ಪೇನಿದೆ, ಯಾರಾದರೂ ಹೇಳಲಿ! ಆದರೆ ಕೇಳಿಸಿಕೊಂಡ ರುದ್ರಪ್ಪನವರು ಹುಬ್ಬಳ್ಳಿ ಕಡೆಯ ಒಂದು ಸರ್ಕಾರಿ ಕಟ್ಟಡ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಮೇಲ್ವಿಚಾರಕರಾಗಿ ದುಡಿದು ನಿವೃತ್ತರಾದವರು. ರೌಸ್ ಹಿಲ್‌ನಲ್ಲಿರುವ ಮಗನ ಮನೆಗೆ ಬಂದು ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ಅವರಿಗೆ ತಿಳಿದ ಭಾಷೆಯಲ್ಲಿ, ತಿಳಿದ ಕೆಲಸವನ್ನು, ಯಾರೂ ಒಂದು ಸಲವೂ ಹೇಳಿರಲಿಲ್ಲ. ಇನ್‌ಸ್ಪೆಕ್ಷನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ, ಹಳೆಯ ಪೊಲೀಸ್ ಕುದುರೆಗೆ ಬ್ಯಾಂಡ್ ಕೇಳಿಸಿದಂತಾಯಿತು.

"ಆತು ಬಿಡ್ರಿ ಗೌರೀಶಪ್ಪ. ಸಾಹೇಬ್ರು ಬರೂದ್ರಾಗ ಎಲ್ಲಾ ರೆಡಿ ಇರ್ತೈತಿ," ಎಂದರು.

ಇನ್‌ಸ್ಪೆಕ್ಷನ್ ಯಾತರದ್ದು ಎಂದು ಮೊದಲು ಹೇಳಬೇಕು. ರೌಸ್ ಹಿಲ್‌ನ ಹೊಸ ಬಡಾವಣೆಗಳು ಮುಗಿಯುವಲ್ಲಿ ಒಂದು ತೊರೆ, ಅದರಾಚೆಯ ದಿಬ್ಬದ ಮೇಲೆ ಪಾಳುಬಿದ್ದ ಕಲ್ಲಿನ ಮನೆ. ಹೆಸರು ಆಶ್‌ಕೋಂಬ್ ಹಾಲ್. ಇಂಗ್ಲೆಂಡಿನ ಹಳ್ಳಿಯ ಜಮೀನ್ದಾರರ ಬಂಗಲೆಯ ಮಾದರಿ. ಜೊಸಾಯ ಪಿಕರಿಂಗ್ ಎಂಬ ಉಣ್ಣೆ ವ್ಯಾಪಾರಿ ಸಾವಿರದ ಎಂಟುನೂರ ಐವತ್ತೊಂಬತ್ತರಲ್ಲಿ ಕಟ್ಟಿಸಿದ್ದು. ಈಗ ಉಳಿದಿರುವುದು ಮುಂಗೋಡೆ, ಅರ್ಧ ಮುರಿದ ಕಮಾನು, ಒಂಟಿ ಚಿಮಣಿ, ಮತ್ತು ಹನ್ನೊಂದು ಮೆಟ್ಟಿಲು ಹತ್ತಿ ಆಕಾಶ ಮುಟ್ಟುವ ಒಂದು ಕಲ್ಲಿನ ಸೋಪಾನ. ಮುಂಗೋಡೆಯ ನೆತ್ತಿಯಿಂದ ಬುಡದವರೆಗೆ ಮಿಂಚಿನ ಆಕಾರದ ಬಿರುಕು.

ಗೌರೀಶ ಧಾರವಾಡದವನು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಜನರ ರಕ್ತದ ಸೋಡಿಯಂ ಅಳೆಯುವ ಕೆಲಸ. ವಾರವಿಡೀ ಅಳೆದದ್ದು ಸಾಲದೆಂದು ಎರಡು ವರ್ಷದಿಂದ ಪ್ರತಿ ಶನಿವಾರ ಭಾನುವಾರ ಆ ಮನೆಯನ್ನು ಅಳೆಯುತ್ತಿದ್ದ. ಸಾವಿರದ ಮುನ್ನೂರ ಹದಿನಾರು ಕಲ್ಲುಗಳಿಗೂ ನಂಬರು ಕೊಟ್ಟಿದ್ದ. ನಲವತ್ತೆರಡು ಪುಟದ ವರದಿ ಬರೆದಿದ್ದ: ಸಾವಿರದ ಎಂಟುನೂರ ಎಪ್ಪತ್ತೊಂದರ ಕಾಡ್ಗಿಚ್ಚಿನಲ್ಲಿ ಛಾವಣಿ ಸುಟ್ಟು ಮನೆ ಹಾಳಾಯಿತು ಎಂಬುದು ಅದರ ಸಾರ. ಒಂದೇ ತೊಡಕು. ಎರಡು ವರ್ಷ ಹುಡುಕಿದರೂ ಅವನಿಗೆ ಒಂದು ಚೂರು ಇದ್ದಿಲು ಸಿಕ್ಕಿರಲಿಲ್ಲ, ಒಂದು ಹೆಂಚಿನ ತುಣುಕು ಸಿಕ್ಕಿರಲಿಲ್ಲ, ತೊಲೆಗೆ ಬಡಿದ ಒಂದು ಮೊಳೆಯೂ ಸಿಕ್ಕಿರಲಿಲ್ಲ. ಪುಟ ಮೂವತ್ತೊಂದರಲ್ಲಿ ಪ್ರಾಮಾಣಿಕವಾಗಿ ಬರೆದಿದ್ದ: "ಈ ವಿಷಯದಲ್ಲಿ ಹೆಚ್ಚಿನ ಅಧ್ಯಯನ ಅಗತ್ಯ."

ಊರಿನ ಕೌನ್ಸಿಲ್ ಆ ದಿಬ್ಬವನ್ನು ಟೌನ್‌ಹೌಸ್ ಎಂಬ ಸಾಲುಮನೆ ಕಟ್ಟುವವರಿಗೆ ಕೊಡಲು ಹೊರಟಿತ್ತು. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದರೆ ಮಾತ್ರ ಮನೆ ಉಳಿಯುವುದು. ಇಲ್ಲದಿದ್ದರೆ ಸೋಮವಾರ ಬುಲ್‌ಡೋಜರ್. ಶನಿವಾರ ನಾಲ್ಕು ಗಂಟೆಗೆ ಆ ಪಟ್ಟಿಯ ಸಮಿತಿಯವರು ಬಂದು ನೋಡಿ, ಅಲ್ಲೇ ತೀರ್ಮಾನ ಹೇಳುವವರಿದ್ದರು. ಮನೆಯ ಮೂಲ ನಕ್ಷೆ ಬೇಕು ಎಂದಿದ್ದರು. ಅದು ಇದ್ದದ್ದು ಮೆಲ್ಬರ್ನ್‌ನಲ್ಲಿ, ಪಿಕರಿಂಗ್‌ನ ಮರಿಮೊಮ್ಮಗಳು, ಎಂಬತ್ತೆಂಟು ವರ್ಷದ ಮಿಸ್ ವಿನಿಫ್ರೆಡ್ ಬಳಿ. ಆಕೆ ಪೋಸ್ಟಿನಲ್ಲಿ ಕಳಿಸಲು ಒಪ್ಪದೆ, ಶನಿವಾರ ಹತ್ತು ಗಂಟೆಗೆ ಖುದ್ದಾಗಿ ಬಂದರೆ ಕೊಡುವೆನೆಂದು ಬರೆದಿದ್ದಳು.

"ಇದ ಕಡೇ ಶನಿವಾರ, ನೇತ್ರಾ," ಗೌರೀಶ ಇನ್ನೊಂದು ಬೂಟು ಹಾಕಿಕೊಳ್ಳುತ್ತ ಹೆಂಡತಿಗೆ ಹೇಳಿದ. "ನಾಳಿಂದ ವೀಕೆಂಡ್ ನಿಂದು."

"ಬರದ್ ಕೊಡು," ಎಂದಳು ನೇತ್ರಾ, ಕಣ್ಣು ಮುಚ್ಚಿಕೊಂಡೇ.

ಮೆಲ್ಬರ್ನ್ ವಿಮಾನ ನಿಲ್ದಾಣದಿಂದ ಹಾಥಾರ್ನ್‌ಗೆ ಟ್ಯಾಕ್ಸಿಯಲ್ಲಿ ಹೋಗುವಾಗ ಮೊದಲ ಫೋನು ಬಂತು.

"ಗೌರೀಶಪ್ಪ, ಹುಲ್ಲು ತಗದೀವ್ರಿ, ಕಸಾ ಹೊಡದೀವಿ," ರುದ್ರಪ್ಪನವರ ದನಿ ಇಪ್ಪತ್ತು ವರ್ಷ ಕಿರಿಯದಾಗಿತ್ತು. "ಆದ್ರ ಗ್ವಾಡಿ ನೋಡಾಕ ಬಾಳ ಕೊಳಕ ಐತ್ರಿ. ಪಾಚಿ ಹಿಡದೈತಿ. ಒಂದ್ ಕೈ ಸುಣ್ಣ ಹೊಡಸ್ಲೇನು?"

ಗೌರೀಶ ಸೀಟಿನಿಂದ ಅರ್ಧ ಎದ್ದ. "ಬ್ಯಾಡ್ರಿ ಅಂಕಲ್! ಏನೂ ಮಾಡಬ್ಯಾಡ್ರಿ!"

"ಹೇ, ಸಂಕೋಚ ಯಾಕ್ರಿ?"

"ಸಂಕೋಚ ಅಲ್ರಿ, ಖರೇನ ಬ್ಯಾಡ್ರಿ!"

"ನೀವು ಹಂಗ ಅನ್ನಾವ್ರ, ನಮಗ ಗೊತ್ತಿಲ್ಲೇನು," ಎಂದು ನಕ್ಕು ಅವರು ಫೋನ್ ಇಟ್ಟರು.

ಇಲ್ಲಿ ರುದ್ರಪ್ಪನವರನ್ನೂ ಪೂರ್ತಿ ದೂರುವಂತಿಲ್ಲ. ಊಟಕ್ಕೆ ಕೂತವನು ಬೇಡ ಎಂದ ತಕ್ಷಣ ಹೋಳಿಗೆಯ ತಾಟನ್ನು ಒಳಗೆ ಒಯ್ಯುವ ಯಜಮಾನನನ್ನು ಧಾರವಾಡ ಸೀಮೆಯಲ್ಲಿ ಯಾರು ಮನುಷ್ಯ ಎನ್ನುತ್ತಾರೆ? ಮೊದಲ ಬೇಡ ಎಂದರೆ ಮರ್ಯಾದೆ, ಎರಡನೆಯದು ಸಂಕೋಚ; ಮೂರನೆಯ ಸಲ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಮಾತ್ರ ನಿಜ. ಗೌರೀಶನ ಕೈಗಳು ಮೆಲ್ಬರ್ನ್‌ನಲ್ಲಿದ್ದವು, ಗೋಡೆ ಸಿಡ್ನಿಯಲ್ಲಿತ್ತು.

ಅವನು ನಾಲ್ಕು ಸಲ ವಾಪಸು ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ರುದ್ರಪ್ಪನವರು ಕೂಡಿಸಿದ ಬಡಾವಣೆಯ ಕನ್ನಡಿಗರೆಲ್ಲರ ಕೈಯಲ್ಲೂ ಬ್ರಷ್ ಇತ್ತೆಂದು ಆಮೇಲೆ ಗೊತ್ತಾಯಿತು.

ಮಿಸ್ ವಿನಿಫ್ರೆಡ್ ಬಡಿಗೆಯಂತೆ ನೆಟ್ಟಗಿದ್ದಳು. ಚಹಾದ ಮೇಜಿನ ಮೇಲೆ ಗೌರೀಶ ಇಟ್ಟ ಮೊಬೈಲನ್ನು ಸತ್ತ ಇಲಿಯನ್ನು ನೋಡುವಂತೆ ನೋಡಿದಳು. ಎರಡು ಬೆರಳಲ್ಲಿ ಅದನ್ನೆತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಚಹಾ ಪಾತ್ರೆಗೆ ಹಾಕುವ ಉಣ್ಣೆಯ ಟೋಪಿಯನ್ನು ಅದಕ್ಕೆ ಹಾಕಿದಳು. ಚಹಾದ ಹೊತ್ತಿನಲ್ಲಿ ತನ್ನ ಮನೆಯಲ್ಲಿ ಯಂತ್ರಗಳು ಮಾತಾಡುವುದಿಲ್ಲ ಎಂದಳು. ಟೋಪಿಯೊಳಗೆ ಫೋನು ಕಣಜದ ಹುಳುವಿನಂತೆ ಗುಂಯ್‌ಗುಟ್ಟತೊಡಗಿತು. ಗೌರೀಶನ ಎದೆಯೂ ಅದೇ ಲಯದಲ್ಲಿ ಗುಂಯ್‌ಗುಟ್ಟಿತು.

ಆಕೆ ಮನೆತನದ ಕತೆ ಶುರು ಮಾಡಿದಳು. ಇಂಗ್ಲೆಂಡಿನ ಸೋಮರ್‌ಸೆಟ್‌ನ ಹಳ್ಳಿ, ಮೂರನೆಯ ಮಗನಾದ ಜೊಸಾಯ, ಹಡಗು, ಕುರಿ. ಗೌರೀಶ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಒಂದು ಕಣ್ಣು ಟೋಪಿಯ ಮೇಲಿಟ್ಟು.

"ಒಂದು ವಿಚಿತ್ರ ಗೊತ್ತೆ?" ಎಂದಳು ಆಕೆ. "ನಮ್ಮ ಮುತ್ತಾತ ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ತೊರೆಯ ಈಚೆ ದಡದ ಮರದ ಮನೆಯಲ್ಲೇ ಇದ್ದ. ಸಂಜೆ ಜಗಲಿಯಲ್ಲಿ ಕೂತು ಅದನ್ನು ನೋಡುತ್ತ ಚಹಾ ಕುಡಿಯುತ್ತಿದ್ದನಂತೆ."

'ಬೆಂಕಿಯ ಆಘಾತ. ಒಳಗೆ ಹೋಗಲು ಮನಸ್ಸು ಬರಲಿಲ್ಲ' ಎಂದು ಗೌರೀಶ ಬರೆದುಕೊಂಡು ಕೆಳಗೆ ಗೆರೆ ಎಳೆದ.

ಆಕೆ ಎರಡನೆಯ ಪಾತ್ರೆ ಚಹಾ ತರಲು ಒಳಗೆ ಹೋದದ್ದೇ ಅವನು ಟೋಪಿಯೊಳಗೆ ಕೈ ಹಾಕಿದ. ಒಂಬತ್ತು ಮಿಸ್ಡ್ ಕಾಲ್. ಹತ್ತನೆಯದು ನೇತ್ರಾಳದು, ಆಗಷ್ಟೇ ಬರುತ್ತಿತ್ತು.

"ನೋಡು, ನಾ ಪಲಾವ್ ತಗೊಂಡ್ ಬಂದೀನಿ ಇಲ್ಲೆ," ಎಂದಳು ನೇತ್ರಾ. "ಸುಣ್ಣ ಆತು. ಕೆಳಗ ಕೆಂಪ ಪಟ್ಟಿ ನಡದೈತಿ. ಕ್ಲೈವ್ ಬಂದಾನ, ತನ್ನ ಮೂರೂ ಕೆಲಸದವ್ರನ್ನ ಕರಕೊಂಡು."

"ಕ್ಲೈವ್ ಯಾಕ?" ಗೌರೀಶ ಪಿಸುಗುಟ್ಟಿದ. ಕ್ಲೈವ್ ಪಿಂಟೋ ಮಂಗಳೂರಿನವನು, ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯಲ್ಲಿ ಟೈಲ್ಸ್ ಹಾಕುವ ಕಂತ್ರಾಟುದಾರ.

"ಬಿರುಕಿಗೆ. ನಾ ಬ್ಯಾಡಂದೆ. ನಂದೂ ಸಂಕೋಚನ ಅಂದ್ರು. ತಡಿ, ಅವಂಗ ಕೊಡ್ತೀನಿ."

"ಹಲೋ ಗೌರೀಶ್! ಎಂತ ಮಾರಾಯಾ, ಇಷ್ಟು ಒಳ್ಳೆ ಮನೆ, ಇಷ್ಟು ದೊಡ್ಡ ಕ್ರ್ಯಾಕ್ ಬಿಟ್ಟುಕೊಂಡು ಎರಡು ವರ್ಷ ಬರೇ ಅಳತೆ ಮಾಡ್ತಾ ಕೂತಿದ್ದೀಯಲ್ಲ?" ಕ್ಲೈವ್‌ನ ದನಿಯಲ್ಲಿ ನಿಜವಾದ ಮರುಕವಿತ್ತು. "ನನಗೆ ಒಂದು ಮಾತು ಹೇಳ್ಬಾರದಿತ್ತಾ?"

"ಕ್ಲೈವ್, ಅದನ್ನ ಮುಟ್ಟಬ್ಯಾಡ. ಕೈ ಮುಗೀತೀನಿ."

"ಮುಟ್ಟಿ ಆಯ್ತಲ್ಲ! ರಾಪಿಡ್ ಸೆಟ್ ಸಿಮೆಂಟು. ಇಪ್ಪತ್ತೇ ನಿಮಿಷ. ಇನ್ನು ಬಾಂಬ್ ಹಾಕಿದ್ರೂ ಅಲ್ಲಾಡ್ಲಿಕ್ಕಿಲ್ಲ. ಥ್ಯಾಂಕ್ಸ್ ಎಲ್ಲ ಬೇಡ, ಆಯ್ತಾ? ಕಮಾನು ಕೂಡ ಅರ್ಧ ಬಿದ್ದಿತ್ತು, ಅದನ್ನೂ ಪೂರ್ತಿ ಮಾಡಿ ಬಿಡ್ತೇವೆ."

ಗೌರೀಶ ಕೂಗಿಯೇಬಿಟ್ಟ. ಕೂಗಿದ್ದು ಕನ್ನಡದಲ್ಲಾದ್ದರಿಂದ ಚಹಾ ಹಿಡಿದು ಬಂದ ಮಿಸ್ ವಿನಿಫ್ರೆಡ್‌ಗೆ ಅರ್ಥವಾಗಲಿಲ್ಲ, ಅಷ್ಟೇ ಪುಣ್ಯ. ಆಕೆ ಫೋನನ್ನು ಕಸಿದು ಮತ್ತೆ ಟೋಪಿ ಹಾಕಿದಳು.

ಹೊರಗೆ ಟ್ಯಾಕ್ಸಿಯ ಹಾರ್ನ್ ಮೂರನೆಯ ಸಲ ಕೇಳಿದಾಗ ಮಾತ್ರ ಆಕೆ ಎದ್ದು ಮಂಚದ ಕೆಳಗಿನಿಂದ ಉದ್ದನೆಯ ತಗಡಿನ ಕೊಳವೆ ಎಳೆದಳು. ಎರಡೂ ತುದಿಗೆ ಕೆಂಪು ಅರಗಿನ ಮುದ್ರೆ. ನೂರ ನಲವತ್ತೆಂಟು ವರ್ಷದಿಂದ ಯಾರೂ ಬಿಚ್ಚಿಲ್ಲ, ಅವಸರದಲ್ಲಿ ಬಿಚ್ಚಿದರೆ ಕಾಗದ ಪುಡಿಯಾಗುತ್ತದೆ ಎಂದು ಎಚ್ಚರಿಸಿದಳು. ಗೌರೀಶ ವಿಜ್ಞಾನ ಓದಿದವನು, ತಲೆಯಾಡಿಸಿದ. ಮಟ್ಟಸವಾದ ಮೇಜು ಸಿಕ್ಕುವವರೆಗೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಕೊಳವೆ ನೋಡಿ, ನೂರ ಐದು ಸೆಂಟಿಮೀಟರ್ ಒಳಗಿದ್ದರೆ ಕೈಯಲ್ಲೇ ಒಯ್ಯಬಹುದು, ನೋಡಿದರೆ ಅಷ್ಟೇ ಇರುವಂತಿದೆ, ಹೋಗಿ ಎಂದಳು. ಬೇರೆ ಯಾರೇ ಆಗಿದ್ದರೂ ಹೋಗುತ್ತಿದ್ದರು. ಗೌರೀಶ ಜೇಬಿನಿಂದ ಟೇಪು ತೆಗೆದು ಅಳೆದ.

"ನೂರ ಆರು," ಎಂದ.

ಹುಡುಗಿ ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಕೊಳವೆಗೆ ಚೀಟಿ ಅಂಟಿಸಿ ಲಗೇಜಿನ ಬೆಲ್ಟಿನ ಮೇಲೆ ಹಾಕಿದಳು. ಅದು ಸಿಡ್ನಿಯಲ್ಲಿ, ಎಲ್ಲರ ಪೆಟ್ಟಿಗೆಗಳೂ ಬಂದು, ಒಂದು ಮಗುವಿನ ತಳ್ಳುಗಾಡಿಯೂ ಬಂದು, ಬೆಲ್ಟು ನಿಲ್ಲುವ ಹೊತ್ತಿಗೆ ಎಲ್ಲಕ್ಕಿಂತ ಕೊನೆಯಲ್ಲಿ ಬಂತು. ಸಮಯ ಮೂರು ಗಂಟೆ ಇಪ್ಪತ್ತೊಂದು ನಿಮಿಷ.

ನಾಲ್ಕು ಹದಿನೈದಕ್ಕೆ ಗೌರೀಶ ತೊರೆ ದಾಟಿ ದಿಬ್ಬದ ತಿರುವಿಗೆ ಬಂದ. ಬಂದವನು ಕಾರು ನಿಲ್ಲಿಸಿದ.

ನೀಲಗಿರಿ ಮರಗಳಿಗೆಲ್ಲ ಸೊಂಟದವರೆಗೆ ಸುಣ್ಣ, ಮೇಲೆ ಕೆಮ್ಮಣ್ಣಿನ ಗೆರೆ. ದಾರಿಯ ಎರಡೂ ಬದಿಗೆ ಕಲ್ಲುಗಳು, ಒಂದು ಬಿಳಿ ಒಂದು ಕೆಂಪು, ಒಂದು ಬಿಳಿ ಒಂದು ಕೆಂಪು. ಹೌದು, ಅವು ಅವನು ನಂಬರು ಕೊಟ್ಟ ಕಲ್ಲುಗಳೇ! ದಾರಿಯ ಕೊನೆಗೆ, ಇಳಿಬಿಸಿಲಿನಲ್ಲಿ ಕಣ್ಣು ಕುಕ್ಕುವಂತೆ, ತಾಲ್ಲೂಕು ಪಶು ಆಸ್ಪತ್ರೆಯ ಹೊಸ ಕಟ್ಟಡದಂತೆ ಹೊಳೆಯುತ್ತ ಆಶ್‌ಕೋಂಬ್ ಹಾಲ್ ನಿಂತಿತ್ತು. ಬಿರುಕಿಲ್ಲ. ಕಮಾನು ಪೂರ್ತಿ. ಚಿಮಣಿಯ ಬಾಯಿಗೆ ತಗಡಿನ ಮುಚ್ಚಳ. ಮಾವಿನೆಲೆ ಸಿಗದ್ದಕ್ಕೆ ನೀಲಗಿರಿ ಎಲೆಯ ತೋರಣ. ರುದ್ರಪ್ಪನವರ ಹೆಂಡತಿ ಚನ್ನಬಸವ್ವ ಹೊಸ್ತಿಲಿಲ್ಲದ ಬಾಗಿಲಿಗೆ ಒಂದು ಹೊಸ್ತಿಲು ಬರೆದು, ಅದರ ಮುಂದೆ ರಂಗೋಲಿ ಮುಗಿಸುತ್ತಿದ್ದರು.

ಸಮಿತಿಯ ಮೂವರೂ ಬಂದಾಗಿತ್ತು. ಮುಖ್ಯಸ್ಥೆ ಲೋರ್ನಾ ಪ್ರಾಕ್ಟರ್, ಅರವತ್ತರ ಹೆಂಗಸು, ಹುಲ್ಲು ಟೋಪಿಯವಳು, ಪಲಾವಿನ ತಟ್ಟೆ ಹಿಡಿದು, ಚಮಚೆ ಎತ್ತುವುದನ್ನು ಮರೆತು ನಿಂತಿದ್ದಳು.

"ಏನ್ ಮಾಡೀರ್ರಿ ಇದು!" ಗೌರೀಶ ಕೊಳವೆಯನ್ನು ಗದೆಯಂತೆ ಎತ್ತಿ ಹಿಡಿದು ಓಡಿಬಂದ. "ನೂರ ಐವತ್ತು ವರ್ಷದ ಕಲ್ಲಿಗೆ ಸುಣ್ಣ? ಯಾರ್ ಕೇಳಿದ್ರು ನಿಮ್ಮನ್ನ? ಎರಡು ವರ್ಷ, ಅಂಕಲ್, ಎರಡು ವರ್ಷ ನಾ ಒಂದು ಪಾಚೀನೂ ಕಿತ್ತಿಲ್ಲ ಇಲ್ಲಿಂದ!"

ರುದ್ರಪ್ಪನವರ ಮುಖ ಇಳಿಯಿತು. ಮೂಗಿನ ತುದಿಯಲ್ಲಿ ಸುಣ್ಣವಿತ್ತು.

"ಅಲ್ರೀ, ಸಾಹೇಬ್ರು ಬರ್ತಾರಂದ್ರ ಯಾರರೆ ಹಂಗ ಬಿಡ್ತಾರೇನು? ಮೂವತ್ನಾಕ ವರ್ಷದಾಗ ನನ್ನ ಒಂದ್ ಬಿಲ್ಡಿಂಗೂ ಇನ್‌ಸ್ಪೆಕ್ಷನ್‌ದಾಗ ಫೇಲ್ ಆಗಿಲ್ಲ. ಮೆಟ್ಲ ಮಾತ್ರ ಮುಟ್ಟಿಲ್ರಿ. ಹನ್ನೊಂದ್ ಅದಾವು, ಬೆಸ ಸಂಖ್ಯೆ, ಶಾಸ್ತ್ರಕ್ಕ ಸರಿ ಐತಿ."

ಲೋರ್ನಾ ತಟ್ಟೆ ಕೆಳಗಿಟ್ಟಳು. "ಮಿಸ್ಟರ್ ಗೌರೀಶ್, ನಿಮ್ಮ ಅರ್ಜಿಯಲ್ಲಿರುವುದು ಪಾಳು ಕಟ್ಟಡ. ಇಲ್ಲಿ ನನಗೆ ಅಂಥದ್ದು ಯಾವುದೂ ಕಾಣುತ್ತಿಲ್ಲ. ಇಷ್ಟೇ ಆದರೆ, ಕ್ಷಮಿಸಿ, ಸೋಮವಾರದ ಕೆಲಸ ನಿಲ್ಲಿಸಲು ನನಗೆ ಕಾರಣವಿಲ್ಲ."

ಗೌರೀಶನ ಕೈಯಲ್ಲಿ ಉಳಿದದ್ದು ಕೊಳವೆ ಒಂದೇ. ಒಳಗಿರುವುದು ಪೂರ್ಣ ಮನೆಯ ನಕ್ಷೆ: ಛಾವಣಿ, ಹಜಾರ, ಕೋಣೆಗಳು. ಅದನ್ನು ಕಂಡರೆ ಈ ಸುಣ್ಣದ ಕೆಳಗೆ ಎಂಥ ಮನೆಯಿತ್ತೆಂದು ಅವರಿಗೆ ತಿಳಿದೀತು. ಪಲಾವಿನ ಪಾತ್ರೆಗಳನ್ನು ಸರಿಸಿ ಮಡಚುವ ಮೇಜನ್ನು ತೆರವು ಮಾಡಿದರು. ಎಲ್ಲರೂ ಸುತ್ತ ನಿಂತರು. ಕ್ಲೈವ್ ತನ್ನ ಅತಿ ತೆಳುವಾದ ಚಾಕುವಿನಿಂದ ಅರಗು ಬಿಡಿಸಿದ. ಲೋರ್ನಾ ಕೈಗವಸು ಹಾಕಿಕೊಂಡು ಕಾಗದವನ್ನು ಅಂಗುಲ ಅಂಗುಲವಾಗಿ ಬಿಚ್ಚಿದಳು.

ಮೊದಲು ಚಿಮಣಿ ಕಂಡಿತು. ಒಂಟಿ ಚಿಮಣಿ. ಆಮೇಲೆ ಆಕಾಶಕ್ಕೆ ಹತ್ತುವ ಹನ್ನೊಂದು ಮೆಟ್ಟಿಲು. ಆಮೇಲೆ ಅರ್ಧ ಮುರಿದ ಕಮಾನು, ಬಿದ್ದ ಕಲ್ಲುಗಳು ಎಲ್ಲೆಲ್ಲಿ ಬಿದ್ದಿರಬೇಕೆಂಬ ಗುರುತಿನ ಸಮೇತ. ಮುಂಗೋಡೆಯ ನೆತ್ತಿಯಿಂದ ಬುಡದವರೆಗೆ ಮಿಂಚಿನ ಆಕಾರದ ಗೆರೆ.

ಲೋರ್ನಾ ತಲೆಬರಹವನ್ನು ಗಟ್ಟಿಯಾಗಿ ಓದಿದಳು. "ಪಾಳು ಬಂಗಲೆಯ ನಕ್ಷೆ. ಹೊಸದಾಗಿ ಕಟ್ಟತಕ್ಕದ್ದು. ಮಾರ್ಚ್ ಸಾವಿರದ ಎಂಟುನೂರ ಐವತ್ತೊಂಬತ್ತು."

ಆಕೆಯೇ ಬಿಡಿಸಿ ಹೇಳಿದಳು. ಹಿಂದಿನ ಕಾಲದ ಇಂಗ್ಲಿಷ್ ಸಿರಿವಂತರು ತೋಟದಲ್ಲಿ ನೋಟಕ್ಕೆಂದು ಸುಳ್ಳು ಪಾಳು ಕಟ್ಟಡ ಕಟ್ಟಿಸುತ್ತಿದ್ದದ್ದುಂಟು. ನಕ್ಷೆಯ ಅಂಚಿನಲ್ಲಿ ಪಿಕರಿಂಗ್ ತಾನೇ ಬರೆದಿದ್ದ: ಊರಿನಲ್ಲಿ ತಂದೆಯ ಜಮೀನಿನ ಹಳೆಯ ಮನೆ ಇನ್ನೂರು ವರ್ಷದಿಂದ ಹಾಳುಬಿದ್ದದ್ದು, ಬಾಲ್ಯದಲ್ಲಿ ಆಡಿದ್ದು ಅದರಲ್ಲೇ, ಅದನ್ನು ಕಾಣದೆ ಇಲ್ಲಿ ಚಹಾ ರುಚಿಸುತ್ತಿಲ್ಲ.

"ರೊಕ್ಕಾ ಕೊಟ್ಟು ಮುರಕಲ ಮನಿ ಕಟ್ಟಿಸ್ಯಾನ?" ರುದ್ರಪ್ಪನವರು ಸಿಟ್ಟಿನಿಂದಲೇ ಕೇಳಿದರು. "ಎಂಥಾ ಮನಶ್ಯಾರೀ ಅಂವ?"

ಗೌರೀಶ ಅಲ್ಲೇ ಬಿಳಿ ಕಲ್ಲೊಂದರ ಮೇಲೆ ಕೂತ. ಛಾವಣಿ ಇರಲೇ ಇಲ್ಲ. ಅದಕ್ಕೇ ಹೆಂಚಿಲ್ಲ, ಮೊಳೆಯಿಲ್ಲ, ಇದ್ದಿಲಿಲ್ಲ. ನಲವತ್ತೆರಡು ಪುಟದ ಬೆಂಕಿ ಪುಟ ಮೂವತ್ತೊಂದರಿಂದ ಹಿಂದಕ್ಕೂ ಮುಂದಕ್ಕೂ ಹೊತ್ತಿ ಉರಿಯಿತು.

ಆದರೆ ಲೋರ್ನಾಳ ಕಣ್ಣು ಹೊಳೆಯುತ್ತಿತ್ತು. "ನಕ್ಷೆಯ ಸಮೇತ ಸಿಕ್ಕ ಇಂಥ ಇನ್ನೊಂದನ್ನು ನಾನು ಕಂಡಿಲ್ಲ. ಇದು ಉಳಿಯಲೇಬೇಕು. ಪಟ್ಟಿಗೆ ಸೇರಿಸಿದ್ದೇವೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನಬಸವ್ವ ಕಾಯಿ ಒಡೆದೇಬಿಟ್ಟರು. ರುದ್ರಪ್ಪನವರು ಎದೆಯುಬ್ಬಿಸಿ, "ಹೇಳಿದ್ನಿಲ್ಲ? ನನ್ನ ಬಿಲ್ಡಿಂಗ್ ಫೇಲ್ ಆಗೂದಿಲ್ಲ," ಎಂದರು.

"ಒಂದು ಷರತ್ತು," ಎಂದಳು ಲೋರ್ನಾ. ಬಿರುಕಿನ ಪಕ್ಕ ಸಣ್ಣ ಅಕ್ಷರದಲ್ಲಿದ್ದದ್ದನ್ನು ಬೆರಳಿಟ್ಟು ಓದಿದಳು: "ಅಗಲ ಒಂದು ಅಂಗುಲ ಮತ್ತು ಅಂಗುಲದ ಎಂಟನೇ ಐದು ಭಾಗ. ಮೇಸ್ತ್ರಿ ಯಾವ ಕಾರಣಕ್ಕೂ ಇದನ್ನು ಮುಚ್ಚಕೂಡದು."

"ನಲವತ್ತೊಂದು ಮಿಲಿಮೀಟರ್," ಗೌರೀಶನ ಬಾಯಿಂದ ತಾನಾಗಿಯೇ ಬಂತು. "ಎರಡು ವರ್ಷದ ಹಿಂದೆಯೇ ಅಳೆದಿದ್ದೇನೆ."

ಈ ಮಾತನ್ನೂ ಅವನು ಆಡಬಾರದಿತ್ತು.

ಲೋರ್ನಾ ಅವನ ಕಡೆ ಪ್ರಸನ್ನಳಾಗಿ ತಿರುಗಿದಳು. ಮೂರು ತಿಂಗಳೊಳಗೆ ಕಟ್ಟಡ ಮೂಲ ಸ್ಥಿತಿಗೆ ಬರಬೇಕು. ಬಿರುಕು, ಮುರಿದ ಕಮಾನು, ಬಿದ್ದ ಕಲ್ಲು ಎಲ್ಲವೂ ಇದ್ದಲ್ಲೇ ಇರಬೇಕು. ತಪ್ಪಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಯಂತ್ರ ಬಳಸುವಂತಿಲ್ಲ, ಹಳೆಯ ಕಲ್ಲಿಗೆ ಒಂದು ಗೀರೂ ಬೀಳಬಾರದು, ಎಲ್ಲ ಕೈಯಲ್ಲೇ. ಮೂಲ ಸ್ಥಿತಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಬಲ್ಲವರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರ ಅಳತೆ ಪುಸ್ತಕದ ಪ್ರಕಾರ, ಅವರ ಕೈಯಿಂದಲೇ ಆಗತಕ್ಕದ್ದು. ವಾರದ ದಿನ ಅವರಿಗೆ ಆಸ್ಪತ್ರೆಯ ಕೆಲಸವಿರುವುದರಿಂದ ಶನಿವಾರ ಭಾನುವಾರ ಮಾಡಿದರೆ ಸಮಿತಿಯ ಅಡ್ಡಿಯಿಲ್ಲ.

ಗೌರೀಶ ನೇತ್ರಾಳ ಕಡೆ ನೋಡಲಿಲ್ಲ. ಅವಳೇ ಬಂದು ಪಕ್ಕದ ಕೆಂಪು ಕಲ್ಲಿನ ಮೇಲೆ ಕೂತು ಪಲಾವಿನ ತಟ್ಟೆ ಅವನ ತೊಡೆಯ ಮೇಲಿಟ್ಟಳು.

"ಬರದ್ ಕೊಡು ಅಂತ ಅದಕ್ಕ ಅಂದಿದ್ದೆ," ಎಂದಳು.

ಕ್ಲೈವ್ ತಲೆ ತುರಿಸುತ್ತ ಟೈಲ್ಸಿನ ಸಂದಿ ಕೆರೆಯುವ ಸಣ್ಣ ಕೈಸಾಧನ ತಂದುಕೊಟ್ಟ. "ನನ್ನ ಸಿಮೆಂಟು ಸ್ವಲ್ಪ ಜಾಸ್ತಿಯೇ ಒಳ್ಳೇದಾಯ್ತು ಮಾರಾಯಾ. ಬೇಜಾರು ಮಾಡ್ಕೊಳ್ಬೇಡ."

"ನಾಳೆ ನಾನೂ ಬರ್ತೇನ್ರಿ," ರುದ್ರಪ್ಪನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಆದ್ರ ಒಂದ್ ಮಾತು. ಬಿರುಕ ಬಿಡಿಸೂದು ನಮ್ಮ ಇಲಾಖೆದಾಗ ಕೈಲೆ ಮಾಡಿದ್ದಿಲ್ಲ. ಒಂದ್ ಮಳಿಗಾಲಕ್ಕ ತಾನ ಬಿಡತಿತ್ತು."

"ಬ್ಯಾಡ್ರಿ ಅಂಕಲ್," ಎಂದ ಗೌರೀಶ.

"ಹೇ, ಸಂಕೋಚ ಯಾಕ್ರಿ?"

ಗೌರೀಶ ತಟ್ಟೆ ಕೆಳಗಿಟ್ಟು ಗೋಡೆಯ ಬಳಿ ಹೋದ. ಕೆರೆಯತೊಡಗಿದ. ಬೆಳಕು ಹೋಗುವವರೆಗೆ ಕೆರೆದ. ಐದೂವರೆಗೆ ಕಾರಿನಿಂದ ಕ್ಯಾಲಿಪರ್ ತಂದು ಆಳ ಅಳೆದು, ಪುಸ್ತಕದಲ್ಲಿ ಬರೆದ. ಗೋಡೆಯ ದಪ್ಪ ನಾನೂರ ಅರವತ್ತು ಮಿಲಿಮೀಟರ್. ಅಂದು ಕೆರೆದದ್ದು ಮೂರು ಮಿಲಿಮೀಟರ್.